ಏಲಕ್ಕಿಯ ಬೆಲೆಯನ್ನು ಓದುವ ಬಗೆ

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟಗಳ ಬುಡದಲ್ಲಿರುವ ಬೋಡಿನಾಯಕನೂರು ಏಲಕ್ಕಿಯ ಪ್ರಸಿದ್ಧ ಪೇಟೆ. ಫಸಲು ಬರುವುದು ಬಹುಮಟ್ಟಿಗೆ ಘಟ್ಟದ ಮೇಲಿನ ಇಡುಕ್ಕಿಯ ತೋಟಗಳಿಂದ. ಸಾಂಬಾರ ಮಂಡಳಿಯ ಇ-ಹರಾಜು ನಡೆಯುವುದು ಬೋಡಿಯಲ್ಲಿ ಮತ್ತು ಇಡುಕ್ಕಿಯ ಪುತ್ತಡಿಯಲ್ಲಿ. ಪಕ್ಕದ ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಪ್ಪಿಲಿಯರು ನೆಲೆಸಿರುವುದರಿಂದ ಈ ಸೀಮೆ ನಮಗೆ ತೀರ ಪರಕೀಯವಲ್ಲ. ಒಣಗಿಸಿದ ಏಲಕ್ಕಿಯನ್ನು ಇಂದೇ ಮಾರಬೇಕೆ, ಕಾಯಬೇಕೆ ಎಂಬ ಪ್ರಶ್ನೆ ಅಲ್ಲಿಯ ಬೆಳೆಗಾರನದು ಮಾತ್ರವಲ್ಲ, ಸಕಲೇಶಪುರ ಮತ್ತು ಕೊಡಗಿನ ಬೆಳೆಗಾರನದೂ ಹೌದು.

ಈ ಪ್ರಶ್ನೆಗೆ ನೆರವಾಗುವ ಎರಡು ಬಗೆಯ ಅಂಕಿಗಳು ಯಾರಿಗೂ ಉಚಿತವಾಗಿ ದೊರೆಯುತ್ತವೆ. ಮೊದಲನೆಯದು ಹರಾಜಿನ ವರದಿ: ಬಂದ ಸರಕು, ಮಾರಾಟವಾದ ಸರಕು, ಗರಿಷ್ಠ ಬೆಲೆ, ಸರಾಸರಿ ಬೆಲೆ. ಎರಡನೆಯದು ವಾಯಿದೆ ಪೇಟೆಯ ದೈನಂದಿನ ವರದಿ. ವಾಯಿದೆಯೆಂದರೆ ಮುಂದಿನ ಒಂದು ದಿನಾಂಕಕ್ಕೆ ಇಂದೇ ಬೆಲೆ ನಿಗದಿಪಡಿಸುವ ಒಪ್ಪಂದ. ಏಲಕ್ಕಿಯ ವಾಯಿದೆ ವ್ಯಾಪಾರ ಮುಂಬಯಿಯ ಎಂಸಿಎಕ್ಸ್ ವಿನಿಮಯ ಕೇಂದ್ರದಲ್ಲಿ 2006ರಲ್ಲಿ ಆರಂಭವಾಯಿತು. ನಡುವೆ ನಿಂತು ಮತ್ತೆ ಆರಂಭವಾದದ್ದೂ ಉಂಟು.

ವಾಯಿದೆ ವರದಿಯಲ್ಲಿ ಬೆಲೆಯೊಡನೆ ಇನ್ನೆರಡು ಅಂಕಿಗಳಿರುತ್ತವೆ. ಆ ದಿನ ಕೈಬದಲಾದ ಒಪ್ಪಂದಗಳ ಸಂಖ್ಯೆ ವಹಿವಾಟು. ದಿನದ ಕೊನೆಗೆ ಇನ್ನೂ ತೀರದೆ ಉಳಿದವುಗಳ ಸಂಖ್ಯೆ ಬಾಕಿ ಒಪ್ಪಂದ. ಒಂದು ಕಲ್ಪಿತ ಉದಾಹರಣೆ: ಕಿಲೋ ಬೆಲೆ 2400ರಿಂದ 2450 ರೂಪಾಯಿಗೆ ಏರಿತು. ಬಾಕಿ ಒಪ್ಪಂದಗಳೂ 300ರಿಂದ 360ಕ್ಕೆ ಏರಿದ್ದರೆ, ಹೊಸ ಹಣ ಪೇಟೆಗೆ ಬಂದು ಏರಿಕೆಗೆ ಬಲ ನೀಡುತ್ತಿದೆಯೆಂದು ಊಹಿಸಬಹುದು. ಅವು 240ಕ್ಕೆ ಇಳಿದಿದ್ದರೆ, ಮೊದಲೇ ಮಾರಿದ್ದವರು ನಷ್ಟಕ್ಕೆ ಅಂಜಿ ಮರಳಿ ಕೊಂಡು ಲೆಕ್ಕ ಮುಗಿಸುತ್ತಿರಬಹುದು. ಅಂತಹ ಏರಿಕೆ ಬೇಗ ಬಾಡುವ ಸಂಭವ ಹೆಚ್ಚು. ಬೆಲೆ ಒಂದೇ, ಅರ್ಥ ಎರಡು.

ಆದರೆ ಅಂಕಿಯನ್ನು ನಂಬುವ ಮುನ್ನ ಅದರ ಹಿಂದೆ ಎಷ್ಟು ಜನರಿದ್ದಾರೆಂದು ನೋಡಬೇಕು. ವಹಿವಾಟು ಬೆರಳೆಣಿಕೆಯಷ್ಟಿದ್ದರೆ ಒಬ್ಬನೇ ವ್ಯಾಪಾರಿ ಬೆಲೆಯನ್ನು ಅಲುಗಾಡಿಸಬಲ್ಲ. ಆಗ ವಾಯಿದೆಯನ್ನು ಬದಿಗಿಟ್ಟು ಹರಾಜಿನ ವರದಿಯನ್ನೇ ಆಧಾರವಾಗಿಸಿಕೊಳ್ಳುವುದು ಲೇಸು. ಹರಾಜಿನಲ್ಲಿಯೂ ಗರಿಷ್ಠ ಬೆಲೆ ಮೋಸಗೊಳಿಸೀತು. 2018ರ ಪ್ರವಾಹದಲ್ಲಿ ಇಡುಕ್ಕಿಯ ತೋಟಗಳು ಹಾಳಾದ ಮೇಲೆ, 2019ರ ಆಗಸ್ಟ್‌ನಲ್ಲಿ ಪುತ್ತಡಿಯಲ್ಲಿ ಬೆಲೆ ಕಿಲೋಗೆ 7000 ರೂಪಾಯಿ ಮುಟ್ಟಿತೆಂಬುದು ದೊಡ್ಡ ಸುದ್ದಿಯಾಯಿತು. ಸರಾಸರಿ ಅದಕ್ಕಿಂತ ಬಹಳ ಕೆಳಗಿತ್ತು. ಉತ್ಕೃಷ್ಟ ದರ್ಜೆಯ ಸರಕಿಗೆ ದೊರೆತ ಬೆಲೆಯನ್ನು ತನ್ನದೆಂದು ನಂಬಿ ಸಾಲ ಮಾಡಿದವನಿಗೆ ಸರಾಸರಿಯೇ ನಿಜವನ್ನು ತಿಳಿಸುತ್ತದೆ.

ಎಲ್ಲ ಬೆಳೆಗೂ ಈ ಸೌಲಭ್ಯವಿಲ್ಲ. ನೆರೆಯ ದಿಂಡಿಗಲ್ ಜಿಲ್ಲೆಯ ಒಡ್ಡಂಛತ್ರದ ತರಕಾರಿ ಪೇಟೆಗೆ ಟೊಮೆಟೊ ತರುವ ರೈತನಿಗೆ ವಾಯಿದೆಯ ಸೂಚನೆಯಿಲ್ಲ. ಅಂದಿನ ದರವೇ ಅವನ ಪಾಲಿಗೆ ಎಲ್ಲ. ಏಲಕ್ಕಿಯನ್ನು ಕಾಪಿಡಬಹುದಾದ್ದರಿಂದಲೇ ನಾಳಿನ ಬೆಲೆಗೆ ಇಂದು ಅರ್ಥವಿದೆ.

ಸಾಹಿತ್ಯದ ವಿದ್ಯಾರ್ಥಿಗಳು ಪದವನ್ನು ಸಂದರ್ಭದಿಂದ ಬೇರ್ಪಡಿಸಿ ಅರ್ಥೈಸುವುದಿಲ್ಲ. ಬೆಲೆಗೂ ಅದೇ ನಿಯಮ ಸಲ್ಲುತ್ತದೆ: ವಹಿವಾಟು, ಬಾಕಿ ಒಪ್ಪಂದ, ಆವಕ ಇವು ಅದರ ಸಂದರ್ಭ. ಇವು ನಾಳಿನ ಬೆಲೆಯನ್ನು ನುಡಿಯಲಾರವು. ಆದರೆ ಪೇಟೆಯ ವದಂತಿಯನ್ನು ಒರೆಗೆ ಹಚ್ಚಲು ಸಣ್ಣ ಬೆಳೆಗಾರನಿಗೆ, ದೊಡ್ಡ ವ್ಯಾಪಾರಿಗಿರುವಷ್ಟೇ ಅವಕಾಶವನ್ನು ನೀಡುತ್ತವೆ.