ರಕ್ತದ ಕಿರುತಟ್ಟೆಗಳು

ಬೆರಳಿಗೆ ಮುಳ್ಳು ಚುಚ್ಚಿ ಜಿನುಗಿದ ರಕ್ತವು ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಈ ಕಾರ್ಯದಲ್ಲಿ ಮೊದಲು ಮುಂದಾಗುವವು ರಕ್ತದಲ್ಲಿರುವ ಕಿರುತಟ್ಟೆಗಳು. ಆಸ್ಪತ್ರೆಗಳಲ್ಲಿ ಇವನ್ನು ಪ್ಲೇಟ್‌ಲೆಟ್‌ಗಳೆಂದೇ ಕರೆಯುವುದು ವಾಡಿಕೆ. ಇವು ಪೂರ್ಣ ಜೀವಕೋಶಗಳಲ್ಲ. ಮೂಳೆಯ ಮಜ್ಜೆಯಲ್ಲಿರುವ ದೈತ್ಯಕೋಶಗಳಿಂದ ಕಳಚಿಬಂದ ಚೂರುಗಳು. ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ರಕ್ತನಾಳಕ್ಕೆ ಗಾಯವಾದೊಡನೆ ಅಲ್ಲಿಗೆ ಅಂಟಿಕೊಂಡು, ಒಂದರೊಡನೊಂದು ಸೇರಿ ಬಿರುಕನ್ನು ಮುಚ್ಚುತ್ತವೆ. 1882ರಲ್ಲಿ ಇಟಲಿಯ ವಿಜ್ಞಾನಿ ಜೂಲಿಯೊ ಬಿಟ್ಸೊಜೆರೊ ಇವುಗಳ ಈ ಪಾತ್ರವನ್ನು ವಿವರಿಸಿದರು.

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಮಜ್ಜೆಯು ಸೊರಗಿ ಕಿರುತಟ್ಟೆಗಳ ಉತ್ಪತ್ತಿ ಕುಂದುತ್ತದೆ. ಡೆಂಗ್ಯೂ ಜ್ವರದಲ್ಲಿಯೂ ಅವುಗಳ ಸಂಖ್ಯೆ ಇಳಿಯುವುದುಂಟು. ಮಳೆಗಾಲದಲ್ಲಿ ನಮ್ಮ ನಾಡಿನ ರಕ್ತನಿಧಿಗಳ ಮುಂದೆ ಬಂಧುಗಳು ಕಾತರದಿಂದ ನಿಲ್ಲುವುದಕ್ಕೆ ಇದೇ ಕಾರಣ. ಆದರೆ ಸಂಖ್ಯೆ ಇಳಿದ ಮಾತ್ರಕ್ಕೆ ಎಲ್ಲರಿಗೂ ಕಿರುತಟ್ಟೆಗಳನ್ನು ಕೊಡಬೇಕಾಗಿಲ್ಲ. ರಕ್ತಸ್ರಾವವಾಗುತ್ತಿದ್ದರೆ, ಇಲ್ಲವೆ ಎಣಿಕೆ ಸುಮಾರು 10,000ಕ್ಕಿಂತ ಕೆಳಗೆ ಕುಸಿದರೆ ವೈದ್ಯರು ಆ ಬಗ್ಗೆ ಯೋಚಿಸುತ್ತಾರೆ.

ದಾನಿಯಿಂದ ಪಡೆದ ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಿರುತಟ್ಟೆಗಳನ್ನು ಬೇರ್ಪಡಿಸುತ್ತಾರೆ. ತೊಡಕು ಆರಂಭವಾಗುವುದು ಆಮೇಲೆ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಐದಾರು ವಾರ ಇಡಬಹುದು. ಕಿರುತಟ್ಟೆಗಳಿಗೆ ಮಾತ್ರ ಶೀತ ಒಗ್ಗದು. ಶೀತದಲ್ಲಿ ಅವು ತಟ್ಟೆಯ ಆಕಾರವನ್ನು ಕಳೆದುಕೊಂಡು ಗುಂಡಗಾಗುತ್ತವೆ. ಅಂತಹವನ್ನು ರೋಗಿಗೆ ಕೊಟ್ಟರೆ ಬಹುಬೇಗ ರಕ್ತದಿಂದ ಕಣ್ಮರೆಯಾಗುತ್ತವೆ. ಸಾಧಾರಣ ಉಷ್ಣತೆಯಲ್ಲಿ ಇರಿಸಿದವು ದೇಹದೊಳಗೆ ಹೆಚ್ಚು ಕಾಲ ಬಾಳುತ್ತವೆಂಬುದನ್ನು 1969ರಲ್ಲಿ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ ತೋರಿಸಿಕೊಟ್ಟರು. ಅಂದಿನಿಂದ ಇವನ್ನು 20ರಿಂದ 24 ಡಿಗ್ರಿಯಲ್ಲಿ ಇಡುವ ಪದ್ಧತಿ ಬೆಳೆದುಬಂದಿತು. ರಾಯಚೂರಿನ ಬೇಸಿಗೆಯಲ್ಲಿ ಇಷ್ಟು ಉಷ್ಣತೆಯೂ ತಂಪೇ ಸರಿ. ಆದುದರಿಂದ ಅದಕ್ಕೆಂದೇ ಪ್ರತ್ಯೇಕ ಪೆಟ್ಟಿಗೆ ಬೇಕು. ಆ ಪೆಟ್ಟಿಗೆಯೊಳಗೆ ಚೀಲಗಳು ಹಗಲಿರುಳೂ ತೊಟ್ಟಿಲಿನಂತೆ ಮೆಲ್ಲನೆ ತೂಗುತ್ತಿರುತ್ತವೆ. ಕಿರುತಟ್ಟೆಗಳು ಸಂಗ್ರಹದಲ್ಲಿಯೂ ಉಸಿರಾಡುತ್ತವೆ. ಚೀಲದ ತೆಳುವಾದ ಪ್ಲಾಸ್ಟಿಕ್ಕಿನ ಮೂಲಕ ಆಮ್ಲಜನಕ ಒಳಬರಬೇಕು. ಅದು ಸಾಲದೆ ಹೋದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಅವು ನಾಶವಾಗುತ್ತವೆ.

ಆದರೆ ಕಿರುತಟ್ಟೆಗಳಿಗೆ ಹಿತವಾದ ಈ ಬೆಚ್ಚನೆಯ ನೆಲೆ ಬ್ಯಾಕ್ಟೀರಿಯಗಳಿಗೂ ಹಿತವೇ. ದಾನಿಯ ತೋಳಿಗೆ ಸೂಜಿ ಚುಚ್ಚುವಾಗ ಚರ್ಮದ ಮೇಲಿನ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಗಳು ಚೀಲವನ್ನು ಸೇರಿದರೂ ಕೆಲವೇ ದಿನಗಳಲ್ಲಿ ಅಪಾರವಾಗಿ ಬೆಳೆಯಬಲ್ಲವು. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ರಕ್ತಕಣಗಳೂ ಕುಗ್ಗಿರುವ ರೋಗಿಗೆ ಅಂತಹ ಚೀಲವು ಪ್ರಾಣಾಂತಕವಾದೀತು. ಅಮೆರಿಕದಲ್ಲಿ 1984ರಲ್ಲಿ ಸಂಗ್ರಹದ ಅವಧಿಯನ್ನು ಏಳು ದಿನಗಳಿಗೆ ಹೆಚ್ಚಿಸಿದ್ದರು. ಬ್ಯಾಕ್ಟೀರಿಯಗಳ ಭಯದಿಂದ 1986ರಲ್ಲಿ ಅದನ್ನು ಐದು ದಿನಗಳಿಗೆ ಇಳಿಸಬೇಕಾಯಿತು. ಭಾರತದಲ್ಲಿಯೂ ಐದು ದಿನಗಳ ಮಿತಿಯೇ ರೂಢಿಯಲ್ಲಿದೆ. ಸೋಮವಾರ ಸಂಗ್ರಹಿಸಿದ್ದು ಮುಂದಿನ ಸೋಮವಾರಕ್ಕೆ ಒದಗುವುದಿಲ್ಲ. ಹಬ್ಬ ಹರಿದಿನಗಳಲ್ಲಿಯೂ ಹೊಸ ದಾನಿಗಳು ಬರುತ್ತಲೇ ಇರಬೇಕು.

ಅಪಾಯವನ್ನು ತಗ್ಗಿಸಲು ದಾನಿಯ ಚರ್ಮವನ್ನು ಚೆನ್ನಾಗಿ ಶುಚಿಗೊಳಿಸುತ್ತಾರೆ. ಮೊದಲು ಹರಿಯುವ ಸುಮಾರು 30 ಮಿಲಿಲೀಟರ್ ರಕ್ತವನ್ನು ಬೇರೊಂದು ಪುಟ್ಟ ಚೀಲಕ್ಕೆ ತಿರುಗಿಸುವುದುಂಟು. ಸೂಜಿಯೊಡನೆ ಕಿತ್ತುಬಂದ ಚರ್ಮದ ಕಣ ಅದರಲ್ಲಿಯೇ ಉಳಿಯುತ್ತದೆ. ಕೆಲವು ದೇಶಗಳಲ್ಲಿ ಚೀಲದಿಂದ ಸ್ವಲ್ಪ ದ್ರವವನ್ನು ತೆಗೆದು, ಬ್ಯಾಕ್ಟೀರಿಯಗಳು ಬೆಳೆಯುವುವೇ ಎಂದು ಪರೀಕ್ಷಿಸುತ್ತಾರೆ. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲನೆ ಅಲುಗಿಸಿ ನೋಡುವ ಸರಳ ಪರೀಕ್ಷೆಯೂ ಇದೆ. ಕಿರುತಟ್ಟೆಗಳು ಚಪ್ಪಟೆಯಾಗಿಯೇ ಉಳಿದಿದ್ದರೆ ದ್ರವದಲ್ಲಿ ರೇಷ್ಮೆಯ ಮಿರುಗಿನಂತಹ ಅಲೆಗಳು ಸುಳಿಯುತ್ತವೆ. ಗುಂಡಗಾಗಿದ್ದರೆ ದ್ರವವು ಮಂಕಾಗಿ ಕಾಣುತ್ತದೆ. ಕಣ್ಣಿಗೆ ಸೊಗಸಾದ ಪರೀಕ್ಷೆಯೇನೋ ಹೌದು, ಆದರೆ ಮಿರುಗುವ ಚೀಲದಲ್ಲಿಯೂ ಬ್ಯಾಕ್ಟೀರಿಯಗಳು ಅಡಗಿರಬಹುದು.

ಒಮ್ಮೆ ಕೈಬಿಟ್ಟಿದ್ದ ಶೀತಸಂಗ್ರಹದ ಕಡೆಗೆ ವಿಜ್ಞಾನಿಗಳು ಮತ್ತೆ ತಿರುಗಿದ್ದಾರೆ. ಅಪಘಾತದಲ್ಲಿ ರಕ್ತ ಸುರಿಯುತ್ತಿರುವವನಿಗೆ ಬೇಕಾದುದು ಆ ಕ್ಷಣದ ನೆರವು. ಕಿರುತಟ್ಟೆಗಳು ದೇಹದಲ್ಲಿ ಬಹುದಿನ ಉಳಿಯಬೇಕೆಂಬ ನಿಯಮವೇನೂ ಅವನ ಪಾಲಿಗಿಲ್ಲ. ಶೀತದಲ್ಲಿ ಬ್ಯಾಕ್ಟೀರಿಯಗಳ ಬೆಳವಣಿಗೆಯೂ ಮಂದವಾಗುತ್ತದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಸಾಮಾನ್ಯ ಸಂಗ್ರಹ ದೊರೆಯದಿರುವಾಗ ಅಂತಹ ರೋಗಿಗಳಿಗಾಗಿ, ಶೀತದಲ್ಲಿ 14 ದಿನಗಳವರೆಗೆ ಇರಿಸಿದ ಕಿರುತಟ್ಟೆಗಳನ್ನು ಬಳಸಲು ಅವಕಾಶ ನೀಡಿತು.