ತೆಂಗಿನ ನೀರು ಮತ್ತು ವೈದ್ಯಕೀಯ ಜೈವಿಕ ವಸ್ತುಗಳು

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ವೇಳೆ ಒಳಗಿನ ಸೂಕ್ಷ್ಮ ಪದರಗಳನ್ನು ಕಾಪಾಡಲು ಬಳಸುವ ಲೋಳೆಯಂತಹ ದ್ರವ್ಯಗಳಲ್ಲಿ ಹಯಲುರೋನಿಕ್ ಆಮ್ಲವು ಪ್ರಮುಖವಾದುದು. ಮಂಡಿ ಸವೆತಕ್ಕೆ ನೀಡುವ ಕೆಲವು ಚುಚ್ಚುಮದ್ದುಗಳಲ್ಲಿಯೂ ಇದೇ ಇರುತ್ತದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನಿಂದ ಬೇರ್ಪಡಿಸಿದರು. ಬಹುಕಾಲ ಹುಂಜದ ಜುಟ್ಟಿನಿಂದ ತೆಗೆಯಲಾಗುತ್ತಿದ್ದ ಈ ವಸ್ತುವನ್ನು ಈಗ ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳನ್ನು ಸಕ್ಕರೆಯ ದ್ರಾವಣದಲ್ಲಿ ಬೆಳೆಸಿ ಪಡೆಯಲಾಗುತ್ತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉದ್ಯಮಿಗಳಿಗೆ ಈ ಸಂಗತಿ ಅನ್ಯವಲ್ಲ. ಇದೇ ರೀತಿ ಬ್ಯಾಕ್ಟೀರಿಯಾದಿಂದ ದೊರೆಯುವ ಮತ್ತೊಂದು ಜೈವಿಕ ವಸ್ತುವಿಗೆ ಬೇಕಾದ ಕಚ್ಚಾ ಮಾಲು ತೆಂಗಿನ ನೀರು.

ಆ ವಸ್ತುವೇ ಬ್ಯಾಕ್ಟೀರಿಯಾ ಸೆಲ್ಯುಲೋಸ್. ಫಿಲಿಪ್ಪೀನ್ಸ್‌ನಲ್ಲಿ 'ನಾಟಾ ಡಿ ಕೋಕೋ' ಎಂಬ ಹೆಸರಿನಲ್ಲಿ ಇದು ತಿನಿಸು. ಬಲಿತ ಕಾಯಿಯ ನೀರನ್ನು ಸೋಸಿ, ಸಕ್ಕರೆ, ಅಸಿಟಿಕ್ ಆಮ್ಲ ಹಾಗೂ ಸ್ವಲ್ಪ ಅಮೋನಿಯಂ ಸಲ್ಫೇಟ್ ಬೆರೆಸಿ, ಹೆಪ್ಪು ಹಾಕಿ ಅಗಲವಾದ ತಟ್ಟೆಗಳಲ್ಲಿ ಎರಡು ವಾರ ಅಲುಗಾಡದಂತೆ ಇಟ್ಟರೆ ಮೇಲೆ ಬಿಳಿಯ ದಪ್ಪ ಪದರ ಕಟ್ಟುತ್ತದೆ. ಅದರ ಬಹುಭಾಗ ನೀರು. ಉಳಿದುದು ಅತಿ ಸೂಕ್ಷ್ಮ ಎಳೆಗಳ ಶುದ್ಧ ಸೆಲ್ಯುಲೋಸ್. ತೇವವನ್ನು ಹಿಡಿದಿಡುವ ಈ ಗುಣದಿಂದಲೇ ಸುಟ್ಟ ಗಾಯಗಳಿಗೆ ಇದರ ಹಾಳೆಗಳು ಬಳಕೆಗೆ ಬಂದಿವೆ. ಆದರೆ ಇದಕ್ಕೆ ಸ್ವತಃ ಸೋಂಕು ತಡೆಯುವ ಶಕ್ತಿಯಿಲ್ಲ. ಬೆಳ್ಳಿಯ ಕಣಗಳನ್ನೋ ಔಷಧಿಯನ್ನೋ ಹೀರಿಸಿ, ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಬೇಕಾಗುತ್ತದೆ. ಹಯಲುರೋನಿಕ್ ಆಮ್ಲವನ್ನು ದೇಹದ ಕಿಣ್ವಗಳು ಕರಗಿಸಬಲ್ಲವು, ಸೆಲ್ಯುಲೋಸನ್ನು ಕರಗಿಸಲಾರವು. ಆದ್ದರಿಂದ ಮೈಮೇಲಿನ ಪಟ್ಟಿಯಾಗಿ ಇದು ಹೆಚ್ಚು ಸೂಕ್ತ.

ಇಲ್ಲೊಂದು ತೊಡಕಿದೆ. ಈ ಸೀಮೆಯ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ಉಂಡೆ ಕೊಬ್ಬರಿಯಲ್ಲಿ ನೀರೇ ಸಿಗದು. ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು ಒಳಗಿನ ನೀರು ಇಂಗಿ ಕೊಬ್ಬರಿ ಗುಡುಗುಡಿಸುವಂತಾದ ಮೇಲೆಯೇ ಒಡೆಯುವುದು ರೂಢಿ. ನೀರು ದೊರೆಯುವುದು ಹಸಿ ಕಾಯಿ ಒಡೆಯುವ ತೆಂಗಿನ ಪುಡಿ ಕಾರ್ಖಾನೆಗಳಲ್ಲಿ. ಕಾಯಿಗೆ 100 ಮಿ.ಲೀ. ಎಂದು ಹಿಡಿದರೂ 10,000 ಕಾಯಿಗೆ 1,000 ಲೀಟರ್. ಸಂಸ್ಕರಿಸದೆ ಹೊರಬಿಟ್ಟರೆ ಮಾಲಿನ್ಯದ ಹೊಣೆ, ಸಂಸ್ಕರಿಸಿದರೆ ಖರ್ಚು. ಹಾಗಾಗಿ ಲೆಕ್ಕಪುಸ್ತಕದಲ್ಲಿ ಇದನ್ನು ಆದಾಯವೆಂದು ಕಾಣುವ ಮೊದಲು ಉಳಿತಾಯವೆಂದು ಕಾಣುವುದು ಸರಿ.

ವೈದ್ಯಕೀಯ ದರ್ಜೆಯ ಹಾಳೆಯ ವೆಚ್ಚವಾದರೋ ಕಚ್ಚಾ ಮಾಲಿನಲ್ಲಿಲ್ಲ. ಬ್ಯಾಕ್ಟೀರಿಯಾದ ಅವಶೇಷಗಳನ್ನು ಕಾಸ್ಟಿಕ್ ಸೋಡಾದಿಂದ ತೊಳೆಯುವುದು, ಕ್ರಿಮಿಶುದ್ಧಗೊಳಿಸುವುದು, ಪ್ರತಿ ತಂಡದ ಮಾಲನ್ನೂ ಪರೀಕ್ಷಿಸಿ ದಾಖಲೆ ಇಡುವುದು, ಹಣ ಹೋಗುವುದೆಲ್ಲ ಇಲ್ಲಿಗೆ. ಗಾಯದ ಪಟ್ಟಿಯು 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಬರುತ್ತದೆ. ಅಪಾಯದ ಪ್ರಮಾಣವನ್ನನುಸರಿಸಿ ನಾಲ್ಕು ವರ್ಗಗಳಿದ್ದು, ಎ ಮತ್ತು ಬಿ ವರ್ಗಗಳ ತಯಾರಿಕೆಗೆ ರಾಜ್ಯ ಪ್ರಾಧಿಕಾರ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರ ಪ್ರಾಧಿಕಾರ ಪರವಾನಗಿ ನೀಡುತ್ತವೆ. ಔಷಧಿ ಸೇರಿಸಿದರೆ ಪರಿಶೀಲನೆ ಇನ್ನಷ್ಟು ಬಿಗಿಯಾಗುತ್ತದೆ.

ಸಾಲ ಮಾಡಿ ನೇರವಾಗಿ ಆಸ್ಪತ್ರೆಯ ಮಾರುಕಟ್ಟೆಗೆ ಇಳಿಯುವುದು ಸಣ್ಣ ಘಟಕಕ್ಕೆ ವಿವೇಕವೆನಿಸದು. ಆಹಾರ ದರ್ಜೆಯ ನಾಟಾ ತಯಾರಿಕೆಗೆ ಆಹಾರ ಸುರಕ್ಷತಾ ಕಾಯಿದೆಯ ನೋಂದಣಿ ಅಥವಾ ಪರವಾನಗಿ ಬೇಕು. ತಟ್ಟೆ, ಹೆಪ್ಪು, ಕೆಲಸಗಾರರ ಕೈಚಳಕ ಎರಡಕ್ಕೂ ಒಂದೇ. ನಾಲ್ಕಾರು ಪುಡಿ ಕಾರ್ಖಾನೆಗಳು ಕೂಡಿ ನೀರನ್ನು ಒಂದೆಡೆ ಸಂಗ್ರಹಿಸುವುದಾದರೆ, ಒಡೆದ ಕೆಲವೇ ಗಂಟೆಗಳಲ್ಲಿ ಅದು ಹುಳಿಯಾಗುವುದರಿಂದ, ಘಟಕವು ಕಾರ್ಖಾನೆಗಳಿಗೆ ಹತ್ತಿರದಲ್ಲಿಯೇ ಇರಬೇಕಾಗುತ್ತದೆ.