ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ

ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯು ಬ್ಯಾಟರಿಚಾಲಿತ ಕಾರುಗಳನ್ನು ತಯಾರಿಸುತ್ತಿದ್ದ ಬೆಂಗಳೂರಿನ ಸಂಸ್ಥೆ. ಇದರ 'ರೇವಾ' ಕಾರು ಭಾರತದಲ್ಲಿ ತಯಾರಾಗಿ ಹೊರದೇಶಗಳಲ್ಲೂ ಮಾರಾಟವಾದ ಆರಂಭಿಕ ವಿದ್ಯುತ್ ವಾಹನಗಳಲ್ಲಿ ಒಂದು.

ಸ್ಥಾಪನೆ

ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆ 1994ರಲ್ಲಿ ಈ ಕಂಪನಿಯನ್ನು ಜಂಟಿಯಾಗಿ ಸ್ಥಾಪಿಸಿದವು. ಇದರ ನೇತೃತ್ವ ವಹಿಸಿದ ಚೇತನ್ ಮೈನಿ ಅವರು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸೌರಶಕ್ತಿ ಕಾರನ್ನು ನಿರ್ಮಿಸಿದ ವಿದ್ಯಾರ್ಥಿ ತಂಡದಲ್ಲಿದ್ದರು. ಏಳು ವರ್ಷಗಳ ಅಭಿವೃದ್ಧಿಯ ನಂತರ, 2001ರಲ್ಲಿ ರೇವಾ ಮಾರುಕಟ್ಟೆಗೆ ಬಂದಿತು.

ರಚನೆ

ರೇವಾ ಸುಮಾರು 2.6 ಮೀಟರ್ ಉದ್ದದ, ಎರಡು ಬಾಗಿಲುಗಳ ಕಾರು. ಇದರಲ್ಲಿ ಇಬ್ಬರು ವಯಸ್ಕರು ಮತ್ತು ಇಬ್ಬರು ಮಕ್ಕಳು ಕುಳಿತುಕೊಳ್ಳಬಹುದಿತ್ತು. ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊರಮೈಯನ್ನು ಜೋಡಿಸಿ ತೂಕವನ್ನು ತಗ್ಗಿಸಲಾಗಿತ್ತು. ಆಸನಗಳ ಕೆಳಗೆ 6 ವೋಲ್ಟ್‌ನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಮನೆಯ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಬಹುದಾಗಿದ್ದ ಈ ಕಾರು, ಒಮ್ಮೆ ಪೂರ್ಣ ಚಾರ್ಜ್ ಆದರೆ ಸುಮಾರು 80 ಕಿ.ಮೀ. ಕ್ರಮಿಸುತ್ತಿತ್ತು.

ಏಳಿಗೆ

ಲಂಡನ್ ನಗರದಲ್ಲಿ 2003ರಿಂದ ಸಂಚಾರ ದಟ್ಟಣೆ ಶುಲ್ಕ ಜಾರಿಗೆ ಬಂದಿತು. ವಿದ್ಯುತ್ ವಾಹನಗಳಿಗೆ ಅದರಿಂದ ವಿನಾಯಿತಿಯಿತ್ತು. ಇದರಿಂದಾಗಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾದ ರೇವಾ ಜನಪ್ರಿಯವಾಯಿತು. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿಯೂ ಬಂದಿತು.

ಇಳಿಮುಖ

ಕಾರನ್ನು ಹಗುರಗೊಳಿಸಿದ ವಿನ್ಯಾಸವೇ ಮುಂದೆ ಅದಕ್ಕೆ ಮಿತಿಯಾಯಿತು. ಯುರೋಪಿನಲ್ಲಿ ರೇವಾ ಕಾರು ಎಂದಲ್ಲದೆ 'ಕ್ವಾಡ್ರಿಸೈಕಲ್' ಎಂಬ ಲಘು ವಾಹನ ವರ್ಗದಲ್ಲಿ ನೋಂದಣಿಯಾಗುತ್ತಿತ್ತು. ಆ ವರ್ಗಕ್ಕೆ ಕಾರುಗಳಿಗಿರುವ ಅಪಘಾತ ಪರೀಕ್ಷೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಡಿಕ್ಕಿ ಪರೀಕ್ಷೆಗಳು ಪ್ರಯಾಣಿಕರ ಸುರಕ್ಷತೆಯ ಬಗ್ಗೆ ತೀವ್ರ ಪ್ರಶ್ನೆಗಳನ್ನು ಎತ್ತಿದವು. ಭಾರತದಲ್ಲಿ ಮಾರುತಿ 800ರಂತಹ ಪೆಟ್ರೋಲ್ ಕಾರುಗಳು ಹೆಚ್ಚು ಸ್ಥಳಾವಕಾಶ ನೀಡುತ್ತಿದ್ದವು ಮತ್ತು ದೂರದ ಪ್ರಯಾಣಕ್ಕೂ ಒದಗುತ್ತಿದ್ದವು. ಸೀಸದ ಬ್ಯಾಟರಿಗಳನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗಿದ್ದರಿಂದ ಇಂಧನದಲ್ಲಿ ಆಗುತ್ತಿದ್ದ ಉಳಿತಾಯದ ಒಂದು ಪಾಲು ಅದಕ್ಕೇ ವ್ಯಯವಾಗುತ್ತಿತ್ತು.

2010ರ ಮೇ ತಿಂಗಳಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಕಂಪನಿಯ ಶೇ. 55.2 ಪಾಲನ್ನು ಪಡೆಯಿತು. 2012ರಲ್ಲಿ ರೇವಾ ಕಾರಿನ ಉತ್ಪಾದನೆ ನಿಂತಿತು. ಅದರ ಸ್ಥಾನದಲ್ಲಿ 2013ರಲ್ಲಿ ಬಂದ 'ಇ2ಒ' ಕಾರಿನ ತಯಾರಿಕೆಯೂ 2019ರಲ್ಲಿ ಕೊನೆಗೊಂಡಿತು.

ನಂತರದ ಪ್ರಭಾವ

ಚೇತನ್ ಮೈನಿ ಅವರು 2017ರಲ್ಲಿ ಸನ್ ಮೊಬಿಲಿಟಿ ಸಂಸ್ಥೆಯ ಸಹಸಂಸ್ಥಾಪಕರಾದರು. ಖಾಲಿಯಾದ ಬ್ಯಾಟರಿಯನ್ನು ಕೇಂದ್ರದಲ್ಲಿ ಕೊಟ್ಟು ಚಾರ್ಜ್ ಆದದ್ದನ್ನು ಪಡೆಯುವ ವ್ಯವಸ್ಥೆ ಇದರದ್ದು. ಈ ಪದ್ಧತಿಯಲ್ಲಿ ಬ್ಯಾಟರಿಯ ಬೆಲೆ ವಾಹನದ ಬೆಲೆಯಿಂದ ಬೇರ್ಪಡುತ್ತದೆ.